ಅವ್ವನ ಬಿದ್ರಿ ದೀಪ

ನರಸಿಂಗಣ್ಣಾ,

ಅವ್ವನ ಬಿದ್ರಿ ದೀಪ ತಗೊಂಡು ಬೀದರ ಗಾಡಿಗೆ ಹೊಂಟೀನಿ. ಕೇಳಿದ್ರ ಬ್ಯಾಡ ಅಂತಿದ್ದಿ, ಅದಕ್ಕ ಕೇಳಿಲ್ಲ.

ವೈನಿಗೆ ಏನೂ ಅನಬ್ಯಾಡ. ದೀವಳಿಗಿ ಬಂತಂತ ಪಾಪ, ಮಸಿ ಅಂತ ತಿಳದು ಹುಣಸಿಹಣ್ಣು ಹಚ್ಚಿ ತಿಕ್ಯಾರ. ಅದು ಮಸಿ ಅಲ್ಲ, ಬಿದ್ರಿ ಬಣ್ಣಾನ ಕರಿ. ಬೆಳ್ಳಿ ಹೂಬಳ್ಳಿ ಹಂಗೇ ಅದ, ದೀಪ ಕೆಟ್ಟಿಲ್ಲ. ಬೀದರದಾಗ ಬಿದ್ರಿ ಮಾಡೋ ಉಸ್ತಾದರು ಅಲ್ಲಿ ಕಿಲ್ಲೆದ ಮಣ್ಣು ಹಚ್ಚಿದ್ರ ಮತ್ತ ಕರ್ರಗಾಗ್ತದ. ಮುಂದ ಹುಳಿ, ಬೂದಿ ಮುಟ್ಟಸಬ್ಯಾಡ್ರಿ, ಕೊಬ್ರಿ ಎಣ್ಣಿ ಅರಿವಿಲೆ ಒರಿಸಿದ್ರ ಸಾಕು.

ಹಳೇ ಪಾತ್ರಿ ತಗೊಳ್ಳೋ ಭಾಂಡೆ ಅಂಗಡಿಯಾಂವ ದೀಪ ಕೇಳ್ಕೋತ ಬಂದ್ರ ವಾಪಸ್ ಕಳಸು. ನಾಳಿ ಮೈಸೂರು ರಾಜ್ಯ ಸೇರ್ತೇವಿ, ಹಳೇದು ಕೊಟ್ಟು ಹೊಸಾ ಕಂದೀಲ ತರೋಣು ಅಂತ ನೀನ ಅಂದಿ. ರಾಜ್ಯ ಬದಲಾದ್ರ ಅವ್ವನ ದೀಪಾನೂ ಬದಲಾಗ್ಬೇಕೇನು?

ಸಂಜಿಗಿ ದೀಪ ತಗೊಂಡು ಬರ್ತೀನಿ. ಬೈಯೋದಿದ್ರ ಆವಾಗ ಬೈ, ದೀಪ ಹಚ್ಚಿದ ಮ್ಯಾಲ.

ಚಂದ್ರಭಾಗಾ