ಒಪ್ಪುಗೋಡೆಯ ಮೇಲೆ ನನ್ನ ಅಂಗೈ

ಕೃಷ್ಣೆಯ ದಂಡೆ
ಕ್ರಿ.ಶ. 2317, ಫೆಬ್ರವರಿ ಮೂವತ್ತು

ನನ್ನ ನಂತರ ಹುಟ್ಟುವವರಿಗೆ,

ತಾರೀಖು ನೋಡಿ ನಗಬೇಡಿ. ಮಹಾನಾಯಕ ವಿಶ್ವಂಭರರಾಯರ ಜಯಂತಿಗೆಂದೇ ಸೇರಿಸಿದ ದಿನವಿದು; ನಿಮ್ಮ ಕಾಲಕ್ಕೆ ಯಾರಾದರೂ ತೆಗೆದುಹಾಕಿರಬಹುದು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಅದೂ ಎರಡು ಸಲ. ತಪ್ಪು ಶಬ್ದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ವರ್ಷ ನೆನಪುಮಹಲಿನವರು ನಾಯಕರ ಕಾಲದ ಸಾಮಾನು ಕೇಳುತ್ತ ಮನೆಮನೆಗೆ ಬಂದರು. ನಮ್ಮಜ್ಜಿ ಸಂಗಮ್ಮನ ಮಣ್ಣಿನ ರೊಟ್ಟಿ ಹಂಚನ್ನು ನಾನೇ ಎತ್ತಿ ಕೊಟ್ಟೆ. ಅದನ್ನು ಏನು ಮಾಡಿದರೋ ಏನೋ ಎಂದು ಇವತ್ತು ನೋಡಲು ಹೋದೆ.

ಮಹಲಿನಲ್ಲಿ ಪ್ರತಿ ವಸ್ತುವಿನ ಮೇಲೂ ಒಂದು ದನಿದೀಪ. ಕೆಳಗೆ ನಿಂತರೆ ಅದು ತಾನಾಗಿ ಕತೆ ಹೇಳುತ್ತದೆ. ನಾಯಕರ ಒಂಬತ್ತು ಜೊತೆ ಚಪ್ಪಲಿಗಳನ್ನು ಇಟ್ಟಿದ್ದರು. ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದರಂತೆ. ಬಗ್ಗಿ ನೋಡಿದೆ, ಒಂದರ ಹಿಮ್ಮಡಿಯೂ ಸವೆದಿರಲಿಲ್ಲ. ಮುಂದೆ ನಮ್ಮ ಹಂಚು. ಬಡ ಸಂಗಮ್ಮ ಇದರ ಮೇಲೆ ಬಿಸಿ ರೊಟ್ಟಿ ಬೇಯಿಸಿ ನಾಯಕರಿಗೆ ಬಡಿಸಿದಳೆಂದು ದೀಪ ಹೇಳಿತು.

ಅಜ್ಜಿ ಹೇಳಿದ್ದು ಬೇರೆ. ನಾಯಕರು ಬಂದ ಮೂರು ದಿನ ಊರಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ, ಅವರ ಭೇಟಿಯ ಚಿತ್ರ ತೆಗೆಯುವಾಗ ಹೊಗೆ ಕಾಣಬಾರದೆಂದು. ಮಕ್ಕಳು ನೆನೆಸಿದ ಜೋಳ ಅಗಿದವು. ಮೂರನೆಯ ದಿನ ಅಜ್ಜಿ ಕದ್ದು ಒಲೆ ಹೊತ್ತಿಸಿದಾಗ ಕಾವಲಿನವರು ಹಂಚನ್ನು ಒದ್ದರು, ಅಂಚು ಸೀಳಿತು. ಆಮೇಲೆ ಅವಳು ಅದನ್ನು ಬಳಸಲಿಲ್ಲ, ಎಸೆಯಲೂ ಇಲ್ಲ.

ಸೀಳು ಕಾಣಲಿಲ್ಲ. ಮಹಲು ತೋರಿಸುವ ಮಲ್ಹಾರಿಯನ್ನು ಕೇಳಿದೆ.

“ಮಣ್ಣ ಮೆತ್ತೀವಿ ಅವ್ವಾರೆ. ಜಯಂತಿಗೆ ಚಂದ ಕಾಣಬೇಕಲ್ಲ.”

“ನಾಯಕರು ನಮ್ಮ ಮನಿ ರೊಟ್ಟಿ ತಿಂದೇ ಇಲ್ಲರಿ.”

“ನಿಮ್ಮಜ್ಜಿಗೆ ಮರವು ಇದ್ದೀತು ಬಿಡ್ರಿ. ನೀವರ ಅಲ್ಲಿದ್ರೇನು?”

ನಾನು ಅಲ್ಲಿರಲಿಲ್ಲ, ನಿಜ. ಬಾಗಿಲ ಕಡೆ ತಿರುಗಿದೆ.

ಹೊರಗೆ ಹೋಗುವಲ್ಲಿ ಒಪ್ಪುಗೋಡೆಯಿದೆ. ಅದಕ್ಕೆ ಅಂಗೈ ಒತ್ತಿದರೆ ‘ಕಂಡೆ, ನಿಜ’ ಎಂದು ಸಾಕ್ಷಿ ನುಡಿದಂತೆ; ಒತ್ತಿದರೇ ಬಾಗಿಲು ತೆರೆಯುವುದು. ನಾನು ಕೈ ಹಿಂದಕ್ಕಿಟ್ಟು ನಿಂತೆ. ಹಿಂದಿನ ಸಾಲು ಬೆಳೆಯಿತು.

“ಏನ ಯಕ್ಕಾ, ಮದರಂಗಿ ಹಚ್ಚಿಯೇನು? ಒಣಗೂತನಕ ನಾವೂ ನಿಲ್ಲಬೇಕೇನು?” ಎಂದಳು ಬೆನ್ನ ಹಿಂದಿನವಳು. ಎಲ್ಲರೂ ನಕ್ಕರು. ಮಲ್ಹಾರಿ ನನ್ನನ್ನೇ ನೋಡುತ್ತಿದ್ದ. ನಗದೆ ನೋಡುತ್ತಿದ್ದ.

ಒತ್ತಿದೆ. ಗೋಡೆಯಲ್ಲಿ ಅಂಗೈ ಅಚ್ಚಾಯಿತು, ಕೆಳಗೆ ಅಕ್ಷರ ಮೂಡಿತು: ಸಂಗಮ್ಮನ ಮೊಮ್ಮಗಳು ನೀಲಗಂಗಾ, ಕಂಡೆ, ನಿಜ. ಇಷ್ಟು ದಿನ ಹಂಚಿನ ಕತೆಗೆ ನಮ್ಮವರ ಸಾಕ್ಷಿ ಇರಲಿಲ್ಲ. ಈಗ ಮನೆಯವಳೇ ಸಿಕ್ಕಳು.

ಈ ಕಾಗದ ಎಷ್ಟು ದಿನ ಉಳಿದೀತೋ. ಗೋಡೆ ಮಾತ್ರ ಉಳಿಯುತ್ತದೆ. ನೀವು ಹೋದಾಗ ಸೊಟ್ಟ ಕಿರುಬೆರಳಿನ ಅಂಗೈ ಹುಡುಕಿ, ಅದು ನನ್ನದು. ಅದನ್ನು ನಂಬಬೇಡಿ. ನಾನು ಹೊರಗೆ ಬರಲೆಂದು ಒತ್ತಿದ್ದು. ಅದರ ಅಕ್ಕಪಕ್ಕದ ಸಾವಿರಾರು ಅಂಗೈಗಳಲ್ಲಿ ಎಷ್ಟು ನಿಜ ಕಂಡು ಒತ್ತಿದವೋ, ಎಷ್ಟು ಬಾಗಿಲಿಗಾಗಿ ಒತ್ತಿದವೋ, ನಾನು ಯಾರನ್ನೂ ಕೇಳಲಿಲ್ಲ. ನೀವು ಕೇಳಿ.

ನೀಲಗಂಗಾ