ಏಳಲು ಅಪ್ಪಣೆ ಕೇಳಿದ ಕೂಸು

ಮಗಳೇ,

ಮೂರು ತಿಂಗಳ ಶಿಶುವಿಹಾರಕ್ಕೆ ನಿನ್ನ ಒಂದೂವರೆ ತಿಂಗಳ ಸಂಬಳ ಹೋಯಿತು. ಬಿಳಿ ಬೂಟು, ಕಾಪಿ ಪುಸ್ತಕ ಬೇರೆ. ಮುಂದಿನ ಕಂತಿಗೆ ಇವತ್ತೇ ಕೊನೆ ದಿನ ಎಂದು ನೀನು ಮೇಜಿನ ಮೇಲಿಟ್ಟಿದ್ದ ದುಡ್ಡಿನ ಲಕೋಟೆಯನ್ನು ನನ್ನ ಪೆಟ್ಟಿಗೆಗೆ ಹಾಕಿದ್ದೇನೆ. ಕೂಗಾಡುವ ಮುಂಚೆ ಇದನ್ನು ಓದು.

ನಿನ್ನೆ ನೀನು ಸ್ನಾನಕ್ಕೆ ಹೋದಾಗ ನಮ್ಮ ಗಿರಗಿಟ್ಲೆ, ನಿನ್ನ ಮಗಳ ಮುಂದೆ ಒಂದು ಬೋಗುಣಿ ನೀರು, ಎರಡು ಲೋಟ ಇಟ್ಟು ಆಡು ಅಂದೆ. ಕೈಕಟ್ಟಿಕೊಂಡು ಕೂತೇ ಇದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಜ್ಜೀ, ಏಳಲಾ? ಮುಟ್ಟಿದ್ರೆ ಮಿಸ್ಸು ಬೈತಾರಾ?" ಮೂರು ವರ್ಷದ ಕೂಸು!

ಮಿಸ್ಸು ವರದಿಯಲ್ಲಿ "ಬಹಳ ಜಾಣೆ, ಸದ್ದೇ ಇಲ್ಲ" ಎಂದು ಬರೆದರು. ನಾವಿಬ್ಬರೂ ಹಿಗ್ಗಿ ಅದನ್ನು ಗೋಡೆಗೆ ಅಂಟಿಸಿದೆವು. ನಾನೂ ಮೋಸ ಹೋದೆ. ಅದು ಜಾಣತನವಲ್ಲ ಕಣೇ, ಹೆದರಿಕೆ.

ಹಿಂದಿನ ಬೀದಿಯ ಬಡಗಿಯ ಹೆಂಡತಿ ಆರು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ಮರಳು, ನೀರು, ಉಜ್ಜಿ ನುಣುಪು ಮಾಡಿದ ಮರದ ತುಂಡುಗಳಿವೆ. ಬಟ್ಟೆ ಕೊಳೆಯಾದರೆ ನಾನು ಒಗೆಯುತ್ತೇನೆ. "ಓದಿನಲ್ಲಿ ಹಿಂದೆ ಬೀಳ್ತಾಳೆ ಕಣಮ್ಮಾ" ಎನ್ನುತ್ತೀಯ, ಗೊತ್ತು. ಇವತ್ತು ಕೂಸನ್ನು ಅಲ್ಲಿಗೇ ಕರೆದುಕೊಂಡು ಹೋಗಿದ್ದೇನೆ. ನೀನೂ ಬಂದು ಒಂದು ಗಂಟೆ ಕೂತು ನೋಡು, ಜಗಳ ಆಮೇಲೆ ಆಡೋಣ. ತಿಂಡಿ ಮುಚ್ಚಿಟ್ಟಿದ್ದೇನೆ, ತಿಂದೇ ಬಾ.

ಮೂರು ತಿಂಗಳಲ್ಲಿ ಅವಳು ಇಪ್ಪತ್ತು ಅಕ್ಷರ ಕಲಿತಳು. "ಯಾಕೆ?" ಎಂದು ಕೇಳುವುದನ್ನು ಬಿಟ್ಟಳು.