ಅತ್ತೆ ನುಂಗಿದ ಕೆಮ್ಮು

ಜೂನ್ 9, ಸಂಜೆ

ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪು. ಆಸ್ಪತ್ರೆ ಸ್ಟೂಲ್ ಮೇಲೆ ಕೂತು ಪುಸ್ತಕ ತೊಡೆ ಮೇಲಿಟ್ಟು ಬರೆಯುತ್ತಿದ್ದೇನೆ. ಯಾರೂ ಓದುವುದಿಲ್ಲ, ಆದರೂ ತಪ್ಪಾಯ್ತು ಅಂದುಬಿಡುವುದು ವಾಸಿ.

ಅತ್ತೆಗೆ ಪಿತ್ತಕೋಶದ ಆಪರೇಷನ್ ಆಗಿದ್ದು ನಿನ್ನೆ. ಹೊಟ್ಟೆ ಮೇಲೆ ಗೇಣುದ್ದ ಪಟ್ಟಿ. ನರ್ಸಮ್ಮ ಬಂದು ಕೇಳಿದರು.

"ಅಜ್ಜೀ, ನೋವು ಎಷ್ಟಿದೆ? ಇಲ್ಲವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು."

"ಒಂದು."

"ಭಲೇ ಗಟ್ಟಿಗಿತ್ತಿ!"

ಅವರು ಆಚೆ ಹೋದದ್ದೇ ತಡ, ಅತ್ತೆ ಹೊದಿಕೆ ತುದಿ ಕಚ್ಚಿಕೊಂಡರು.

"ನಿಜ ಹೇಳಿ ಅತ್ತೆ..."

"ಬಾಯಿ ಮುಚ್ಕೊಂಡಿರು. ಜಾಸ್ತಿ ಅಂದ್ರೆ ನೋವಿನ ಸೂಜಿ ಚುಚ್ತಾರೆ. ಅದರ ರುಚಿ ಒಂದ್ಸಲ ಹತ್ತಿದ್ರೆ ಬಿಡಲ್ಲ. ನಮ್ಮಣ್ಣನ ಕುಡಿತ ನೋಡಿದ್ದೇ ಸಾಕು ಈ ಜನ್ಮಕ್ಕೆ."

ಜೂನ್ 10, ಬೆಳಿಗ್ಗೆ

ಇವತ್ತೂ "ಒಂದು". ಮಗ್ಗಲು ಬದಲಿಸುವುದಿಲ್ಲ. ಉಸಿರು ಗಂಟಲಲ್ಲೇ. ಕೆಮ್ಮು ಬಂದರೆ ನುಂಗುತ್ತಾರೆ. ನಾನು ಮಡಚಿದ ಬಟ್ಟೆಯಲ್ಲಿ ಕೊಂಕು ಹುಡುಕದೆ ಬಿಟ್ಟವರಲ್ಲ. ಬೇಕಂತಲೇ ಟವೆಲ್ ಸೊಟ್ಟ ಮಡಚಿಟ್ಟೆ. ನೋಡಿದರು. ಸುಮ್ಮನಾದರು. ಬೈಯಲೂ ಆಗದಷ್ಟು ನೋವು.

ಸಂಜೆ

ಜ್ವರ. ಡಾಕ್ಟರ್ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, "ಕಫ ಕಟ್ತಿದೆ. ಕೆಮ್ಮಿ ಹೊರಗೆ ಹಾಕದಿದ್ರೆ ನ್ಯುಮೋನಿಯಾ ಆಗತ್ತೆ" ಅಂದು ಹೋದರು. ನಿಜ ಹೇಳಿಬಿಡೋಣ ಅಂತ ನರ್ಸಮ್ಮನ ಮೇಜಿನ ತನಕ ಹೋದೆ. "ಏನಮ್ಮಾ?" ಅಂದರು. ಕುಡಿಯೋ ನೀರು ಎಲ್ಲಿ ಅಂತ ಕೇಳಿ ವಾಪಸ್ ಬಂದೆ. ನನ್ನ ನಾಚಿಕೆಗಿಷ್ಟು ಬೆಂಕಿ ಹಾಕ.

ಜೂನ್ 12, ಮಧ್ಯಾಹ್ನ

ನಿನ್ನೆ ಪೆನ್ನು ಹಿಡಿಯಲು ಕೈ ಬರಲಿಲ್ಲ. ಇವತ್ತು ಹೇಳಿಬಿಟ್ಟೆ, ಅತ್ತೆ ಎದುರಿಗೇ.

"ಒಂದು ಅಲ್ಲ ಸಿಸ್ಟರ್. ಸುಳ್ಳು. ಮದ್ದು ಚಟ ಆಗತ್ತೆ ಅಂತ ಹೆದರಿಕೆ ಇವರಿಗೆ."

ಅತ್ತೆ ಕಣ್ಣಲ್ಲೇ ಸುಟ್ಟರು. ನರ್ಸಮ್ಮ ಬೈಯಲಿಲ್ಲ.

"ಅಲ್ಲಾಡದೆ ಮಲಗಿದ್ದಾಗ ಕೇಳಿದ್ದು ನನ್ನ ತಪ್ಪು. ಅಜ್ಜೀ, ಎಲ್ಲಿ, ಒಂದ್ಸಲ ಕೆಮ್ಮಿ."

ಅತ್ತೆ ಬಾಯಿ ತೆರೆದರು. ಕೆಮ್ಮು ಬರಲಿಲ್ಲ, ಕಣ್ಣೀರು ಬಂತು.

"ಈಗ ಹೇಳಿ, ಎಷ್ಟು?"

"...ಒಂಬತ್ತು."

"ಅಳೆದು ಕೊಡ್ತೀವಿ, ನಿಮ್ಮ ಉಸಿರು ನೋಡ್ಕೊಂಡೇ ಕೊಡ್ತೀವಿ. ನೋವು ಇಳಿದ ಹಾಗೆ ಕಮ್ಮಿ ಮಾಡಿ ನಿಲ್ಲಿಸ್ತೀವಿ. ಅದು ಕುಡಿತ ಅಲ್ಲ ಅಜ್ಜೀ."

ಡಾಕ್ಟರನ್ನು ಕೇಳಿ ಬಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ನಾಲ್ಕು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಜ್ವರ ಇಳಿದಿಲ್ಲ. ತಡ ಮಾಡಿಬಿಟ್ಟೆನಾ...

ಜೂನ್ 13, ಬೆಳಿಗ್ಗೆ

ಕೆಮ್ಮುವಾಗ ಗಾಯಕ್ಕೆ ದಿಂಬು ಒತ್ತಿ ಆಸರೆ ಕೊಡುವುದನ್ನು ನರ್ಸಮ್ಮ ತೋರಿಸಿಕೊಟ್ಟರು. ನಾನು ಹಿಡಿಯಲಾ ಅಂತ ಕೇಳಲು ಹೆದರಿ ನಿಂತಿದ್ದೆ. ಅತ್ತೆಯೇ ದಿಂಬನ್ನು ನನ್ನ ಕಡೆ ತಳ್ಳಿದರು. ಪಟ್ಟಿ ಮೇಲೆ ಒತ್ತಿ ಹಿಡಿದೆ. ನನ್ನ ಕೈ ಮೇಲೆ ಕೈ ಇಟ್ಟು ಕೆಮ್ಮಿದರು — ಕಫ ಬಂತು. ಬಟ್ಟಲು ತೊಳೆದಿಟ್ಟು ಬಂದೆ. ಮತ್ತೆ ದಿಂಬು ತಟ್ಟುತ್ತಿದ್ದಾರೆ, ಹೋಗಿ ಹಿಡಿಯಬೇಕು.